ಕುದುರೆ ಚಿತ್ರದಲ್ಲಿ ಹಗ್ಗ ಹಿಡಿದವರು ಎಲ್ಲಿ ಹೋದರು?

ಕಳೆದ ವರ್ಷ ಬೇಸಿಗೆಯಲ್ಲಿ ಎರಡು ದಿನ ನಾನು ಇಂಗ್ಲೆಂಡಿನ ಸಫೊಕ್ ಕಡೆಯ ಒಂದು ಮೈದಾನದಲ್ಲಿ ಚಹಾ ಮಾರಿದೆ. ಓದೋಕೆ ಅಂತ ಕೇಂಬ್ರಿಜ್‌ಗೆ ಬಂದವರಿಗೆ ವಾರಾಂತ್ಯದ ಕೆಲಸ ಶೋಕಿಯಲ್ಲ, ಬಾಡಿಗೆ ಕಟ್ಟೋ ದಾರಿ. ಅಲ್ಲಿ ನಡೀತಿದ್ದದ್ದು ಈವೆಂಟಿಂಗ್ ಅನ್ನೋ ಕುದುರೆ ಸವಾರಿ ಸ್ಪರ್ಧೆ. ನನ್ನ ಸ್ಟಾಲ್ ಇದ್ದದ್ದು ನೀರಿನ ಹೊಂಡದ ಪಕ್ಕ. ಕುದುರೆಗಳು ಗುಡ್ಡದ ಮೇಲಿಂದ ಓಡಿ ಬಂದು, ಮರದ ದಿಮ್ಮಿ ಹಾರಿ, ದಬಾರಂತ ನೀರಿಗೆ ಬಿದ್ದು, ಆ ಕಡೆ ದಡ ಹತ್ತಿ ಹೋಗೋ ಜಾಗ ಅದು.

ಸ್ಟಾಲ್‌ನಿಂದ ಹತ್ತು ಹೆಜ್ಜೆ ದೂರದಲ್ಲಿ ಐವತ್ತು ದಾಟಿದ ಹೆಂಗಸೊಬ್ಬರು ಈಸೆಲ್ ನಿಲ್ಲಿಸಿಕೊಂಡು ಚಿತ್ರ ಬರೀತಿದ್ದರು. ಆಯೋಜಕರು ಪಕ್ಕದಲ್ಲಿ ಬೋರ್ಡು ಹಾಕಿದ್ದರು: ಲೈವ್ ಪೇಂಟಿಂಗ್, ಎರಡನೇ ದಿನ ಸಂಜೆ ಹರಾಜು. ಜನ ನನ್ನತ್ರ ಚಹಾ ತಗೊಂಡು, ಅವರ ಬೆನ್ನ ಹಿಂದೆ ನಿಂತು ಒಂದೆರಡು ನಿಮಿಷ ನೋಡಿ, ಫೋನಿನಲ್ಲಿ ಫೋಟೊ ತೆಗೆದು ಹೋಗ್ತಿದ್ದರು.

ಮೊದಲ ದಿನ ನನಗೆ ಅನ್ನಿಸಿದ್ದು ಇಷ್ಟೇ: ಸಾವಿರಾರು ಕ್ಯಾಮೆರಾಗಳಿರೋ ಜಾಗದಲ್ಲಿ ಒಬ್ಬರು ಇದ್ದಿಲು ಹಿಡಿದು ಓಡೋ ಕುದುರೆ ಬರೆಯೋದು ಯಾಕೆ? ಶ್ರೀಮಂತರ ಆಟಕ್ಕೆ ಇನ್ನೊಂದು ಅಲಂಕಾರ ಅಲ್ವಾ ಇದು? ಎರಡನೇ ದಿನದ ಹೊತ್ತಿಗೆ ಪ್ರಶ್ನೆ ಬದಲಾಯಿತು. ಅವರ ಚಿತ್ರದೊಳಗೆ ಯಾರು ಬರ್ತಾರೆ, ಯಾರು ಬರಲ್ಲ? ಅದನ್ನು ತೀರ್ಮಾನ ಮಾಡೋರು ಯಾರು?

ಕುದುರೆ ಚಿತ್ರದ ಇತಿಹಾಸ ಪೂರ್ತಿ ಈ ಪ್ರಶ್ನೆಯ ಸುತ್ತಲೇ ಇದೆ. ಅದನ್ನು ಇಲ್ಲಿ ಬಿಡಿಸಿ ಹೇಳೋ ಪ್ರಯತ್ನ ಮಾಡ್ತೀನಿ.

ಓಡೋ ಕುದುರೆಯನ್ನು ಬರೆಯೋದು ಹೇಗೆ?

ಮೊದಲು ಸ್ಪರ್ಧೆ ಏನು ಅಂತ ನೋಡೋಣ. ಈವೆಂಟಿಂಗ್‌ನಲ್ಲಿ ಮೂರು ಹಂತ. ಡ್ರೆಸಾಜ್‌ನಲ್ಲಿ ಕುದುರೆ ಗೊತ್ತುಮಾಡಿದ ಹೆಜ್ಜೆಗಳನ್ನು ಶಿಸ್ತಿನಿಂದ ಹಾಕಿ ತೋರಿಸಬೇಕು. ಕ್ರಾಸ್ ಕಂಟ್ರಿಯಲ್ಲಿ ಹೊಲ, ಗುಡ್ಡ, ಹೊಂಡ ದಾಟಿಕೊಂಡು, ಅಲುಗಾಡದ ತಡೆಗಳನ್ನು ಹಾರಿಕೊಂಡು ಓಡಬೇಕು. ಶೋ ಜಂಪಿಂಗ್‌ನಲ್ಲಿ ಮುಟ್ಟಿದರೆ ಬಿದ್ದುಹೋಗೋ ಕಂಬಗಳನ್ನು ಬೀಳಿಸದೆ ಹಾರಬೇಕು. ಮೂರಕ್ಕೂ ಅದೇ ಕುದುರೆ, ಅದೇ ಸವಾರ. ಬೆಂಗಳೂರಿನ ಫವಾದ್ ಮಿರ್ಜಾ 2018ರ ಏಷ್ಯನ್ ಗೇಮ್ಸ್‌ನಲ್ಲಿ ಬೆಳ್ಳಿ ಗೆದ್ದದ್ದು, ಆಮೇಲೆ ಟೋಕಿಯೊ ಒಲಿಂಪಿಕ್ಸ್‌ಗೆ ಹೋದದ್ದು ಇದೇ ಆಟದಲ್ಲಿ.

ಒಂದು ಕುದುರೆ ಆ ಹೊಂಡ ದಾಟೋಕೆ ತಗೊಳ್ಳೋದು ಕೆಲವೇ ಸೆಕೆಂಡು. ಅಷ್ಟರಲ್ಲಿ ಚಿತ್ರ ಬರೆಯೋದು ಹೇಗೆ ಅಂತ ಚಹಾ ಕೊಡುವಾಗ ಕೇಳಿದೆ. ಅವರು ಹಾಳೆ ತಿರುಗಿಸಿ ತೋರಿಸಿದರು. ಒಂದೇ ಹಾಳೆಯಲ್ಲಿ ಎಂಟೊಂಬತ್ತು ಅರ್ಧಂಬರ್ಧ ಚಿತ್ರ. ಒಂದರಲ್ಲಿ ಬೆನ್ನು ಮತ್ತು ಕತ್ತಿನ ಗೆರೆ ಮಾತ್ರ. ಇನ್ನೊಂದರಲ್ಲಿ ಮಡಚಿದ ಮುಂಗಾಲು. ಮತ್ತೊಂದರಲ್ಲಿ ನೀರಿಗೆ ಬಿದ್ದ ಕ್ಷಣ.

ಗುಟ್ಟು ಇರೋದು ಸ್ಪರ್ಧೆಯ ಸ್ವಭಾವದಲ್ಲೇ. ಕೆಲವು ನಿಮಿಷಕ್ಕೊಂದರಂತೆ ಬೇರೆ ಬೇರೆ ಕುದುರೆಗಳು ಅದೇ ಜಾಗದಲ್ಲಿ, ಅದೇ ತಡೆಯನ್ನು, ಹೆಚ್ಚುಕಡಿಮೆ ಅದೇ ರೀತಿ ಹಾರುತ್ತವೆ. ಒಂದು ಕುದುರೆ ಹಾರುವಾಗ ಬೆನ್ನಿನ ಗೆರೆ ಸಿಕ್ಕರೆ ಸಾಕು. ಮುಂದಿನದು ಬಂದಾಗ ಅದೇ ಚಿತ್ರಕ್ಕೆ ಕತ್ತು. ಅದರ ಮುಂದಿನದು ಬಂದಾಗ ಹಿಂಗಾಲು. ಸಂಜೆ ಹೊತ್ತಿಗೆ ಹಾಳೆ ಮೇಲಿರೋ ಕುದುರೆ ಯಾವುದೋ ಒಂದು ಕುದುರೆಯಲ್ಲ, ಇಡೀ ದಿನದ ಕುದುರೆ. ಜೋಳ ಕೊಯ್ಯುವವರ ಕೈಯನ್ನೋ ಮಗ್ಗದಲ್ಲಿ ಕೂತವರ ಕಾಲನ್ನೋ ದಿನವಿಡೀ ನೋಡಿದರೆ ಆ ಚಲನೆ ನಮ್ಮ ಕಣ್ಣಿಗೆ ಕಂಠಪಾಠ ಆಗುತ್ತಲ್ಲ, ಹಾಗೆ.

ಇದಕ್ಕೆ ಕುದುರೆಯ ಮೈ ಗೊತ್ತಿರಬೇಕು. ಕುದುರೆಯ ಹಿಂಗಾಲಿನ ಮಂಡಿ ಹಿಂದಕ್ಕೆ ಬಾಗುತ್ತೆ ಅಂತ ನಾವೆಲ್ಲ ಅಂದುಕೊಂಡಿರ್ತೀವಿ. ಅದು ಮಂಡಿಯೇ ಅಲ್ಲ, ಹಿಮ್ಮಡಿ. ನಿಜವಾದ ಮಂಡಿ ಮೇಲೆ, ಹೊಟ್ಟೆಯ ಹತ್ತಿರ ಇದೆ. ಮುಂಗಾಲಲ್ಲಿ ನಾವು ಮಂಡಿ ಅನ್ನೋದು ನಮ್ಮ ಮಣಿಕಟ್ಟಿಗೆ ಸಮ. ಅಂದರೆ ಕುದುರೆ ಉಗುರ ತುದಿಯ ಮೇಲೆ ಓಡೋ ಪ್ರಾಣಿ. ನಡಿಗೆಯಲ್ಲಿ ನಾಲ್ಕು ತಾಳ, ದುಡುಕೋಟದಲ್ಲಿ ಎರಡು, ಕ್ಯಾಂಟರ್‌ನಲ್ಲಿ ಮೂರು, ನಾಗಾಲೋಟದಲ್ಲಿ ಮತ್ತೆ ನಾಲ್ಕು. ಈ ತಾಳ ಕಿವಿಗೆ ಹತ್ತಿದರೆ ಕಾಲು ಎಲ್ಲಿದೆ ಅಂತ ಕಣ್ಣು ಹುಡುಕಬೇಕಿಲ್ಲ.

ಇಷ್ಟು ನೋಡಿ ನೋಡಿ ಪಳಗಿದ ಕಣ್ಣಿಗೆ ಬೇರೆ ಸಂಗತಿಗಳೂ ಕಾಣುತ್ತವೆ. ಕಿವಿ ಹಿಂದಕ್ಕೆ ಒತ್ತಿಕೊಂಡಿದ್ದರೆ ಕುದುರೆಗೆ ಸಿಟ್ಟು ಬಂದಿದೆ ಅಂತ. ಕಣ್ಣಿನ ಬಿಳಿ ಕಾಣ್ತಿದ್ದರೆ ಹೆದರಿರಬಹುದು. ದುಡುಕೋಟದಲ್ಲಿ ಒಂದು ಮುಂಗಾಲು ಊರುವಾಗಲೆಲ್ಲ ತಲೆ ಮೇಲಕ್ಕೆ ಎತ್ತುತ್ತಿದ್ದರೆ ಆ ಕಾಲಿನಲ್ಲಿ ನೋವಿದೆ. ಅವತ್ತು ಒಂದು ಕುದುರೆ ಬಂದಾಗ ಆಕೆ ಇದ್ದಿಲು ಕೆಳಗಿಟ್ಟರು. ಬರೀಲಿಲ್ಲ. ಸುಮ್ಮನೆ ನೋಡಿದರು. ಅದು ಕುಂಟುತ್ತಿದೆ ಅಂತ ನನಗೆ ಗೊತ್ತಾಗಿದ್ದು ಸವಾರ ಇಳಿದು ಲಗಾಮು ಹಿಡಿದು ನಡೆಸಿಕೊಂಡು ಹೋದಾಗ.

ಕ್ಯಾಮೆರಾ ಬಂದ ಮೇಲೂ ಕೈ ಯಾಕೆ?

ಇದು ನನ್ನ ತಲೆಮಾರಿನ ಪ್ರಶ್ನೆ. ನಾವು ಒಂದು ಸಾಲು ಟೈಪ್ ಮಾಡಿ ಎಐ ಹತ್ರ ಕುದುರೆ ಚಿತ್ರ ಮಾಡಿಸಿಕೊಳ್ಳೋ ಕಾಲದವರು. ಆದರೆ ಪ್ರಶ್ನೆ ಹಳೇದು, 1878ರದ್ದು.

ಅದಕ್ಕೂ ಮೊದಲು ಚಿತ್ರಕಾರರು ಓಡೋ ಕುದುರೆಯನ್ನು ಬರೀತಿದ್ದ ರೀತಿ ನೆನಪಿಸಿಕೊಳ್ಳಿ: ಮುಂಗಾಲೆರಡೂ ಮುಂದಕ್ಕೆ ಚಾಚಿ, ಹಿಂಗಾಲೆರಡೂ ಹಿಂದಕ್ಕೆ ಚಾಚಿ, ಹೊಟ್ಟೆ ನೆಲಕ್ಕೆ ತಾಗೋ ಹಾಗೆ. ಫ್ರಾನ್ಸಿನ ಜೆರಿಕೊ 1821ರಲ್ಲಿ ಎಪ್ಸಮ್ ಡರ್ಬಿಯನ್ನು ಬರೆದದ್ದು ಹೀಗೇ. ಆ ಚಿತ್ರ ಈಗ ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಮ್ಮಿನಲ್ಲಿದೆ. ನೋಡೋಕೆ ಅದ್ಭುತ. ಆದರೆ ಓಡುವ ಯಾವ ಕುದುರೆಯೂ ಆ ಭಂಗಿಯಲ್ಲಿ ಇರಲ್ಲ.

1878ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ ಎಡ್ವರ್ಡ್ ಮೈಬ್ರಿಜ್ ಅನ್ನೋ ಫೋಟೊಗ್ರಾಫರ್ ಓಟದ ದಾರಿ ಪಕ್ಕ ಸಾಲಾಗಿ ಕ್ಯಾಮೆರಾ ಇಟ್ಟು ಸ್ಯಾಲಿ ಗಾರ್ಡ್ನರ್ ಅನ್ನೋ ಕುದುರೆಯ ನಾಗಾಲೋಟವನ್ನು ಕ್ಷಣ ಕ್ಷಣವಾಗಿ ಸೆರೆಹಿಡಿದ. ನಾಲ್ಕೂ ಕಾಲು ನೆಲ ಬಿಡೋ ಗಳಿಗೆ ನಿಜಕ್ಕೂ ಇತ್ತು. ಆದರೆ ಅದು ಕಾಲು ಚಾಚಿದಾಗ ಅಲ್ಲ, ನಾಲ್ಕೂ ಕಾಲು ಹೊಟ್ಟೆಯ ಕೆಳಗೆ ಮುದುಡಿಕೊಂಡಾಗ. ಅದುವರೆಗೂ ಚಿತ್ರಕಾರರು ಬರೆದದ್ದು ಕಂಡದ್ದನ್ನಲ್ಲ, ವೇಗ ಅಂದರೆ ಹೀಗಿರಬೇಕು ಅಂತ ಅವರು ನಂಬಿದ್ದನ್ನು.

ಕತೆ ಇಲ್ಲಿಗೆ ಮುಗಿದಿದ್ದರೆ 'ಕ್ಯಾಮೆರಾ ಗೆದ್ದಿತು, ಕೈ ಸೋತಿತು' ಅನ್ನಬಹುದಿತ್ತು. ಆದರೆ ಆ ಫೋಟೊಗಳನ್ನು ತೆಗೆಸಿದ್ದು ಲೆಲಂಡ್ ಸ್ಟ್ಯಾನ್‌ಫರ್ಡ್. ರೈಲ್ವೆ ಉದ್ಯಮದ ದೊಡ್ಡ ಧಣಿ, ಕ್ಯಾಲಿಫೋರ್ನಿಯಾದ ಮಾಜಿ ಗವರ್ನರ್, ಕುದುರೆಗಳ ಒಡೆಯ. 1882ರಲ್ಲಿ ಆತ ಕುದುರೆ ಚಲನೆಯ ಬಗ್ಗೆ ಒಂದು ಪುಸ್ತಕ ಪ್ರಕಟಿಸಿದ. ಅದರ ಮುಖಪುಟದ ಮೇಲಿದ್ದದ್ದು ತನ್ನ ಪರಿಚಯದ ವೈದ್ಯನೊಬ್ಬನ ಹೆಸರು. ಮೈಬ್ರಿಜ್ ಹೆಸರು ಅಲ್ಲಿರಲಿಲ್ಲ. ಮೈಬ್ರಿಜ್ ಕೋರ್ಟಿಗೆ ಹೋದ, ಗೆಲ್ಲಲಿಲ್ಲ.

ಅಂದರೆ ಕ್ಯಾಮೆರಾ ಬಂದದ್ದರಿಂದ ಕುದುರೆಯ ಕಾಲಿನ ಸತ್ಯ ಗೊತ್ತಾಯಿತು ಹೊರತು, ಚಿತ್ರ ಯಾರದು ಅನ್ನೋ ಜಗಳ ಬಗೆಹರಿಯಲಿಲ್ಲ. ಕುದುರೆ ಧಣಿಯದ್ದು, ದುಡ್ಡು ಧಣಿಯದ್ದು, ಆದ್ದರಿಂದ ಚಿತ್ರವೂ ಧಣಿಯದ್ದು. ಇವತ್ತು ಕಲಾವಿದರ ಕೆಲಸವನ್ನು ಕೇಳದೆ ನುಂಗಿ ಚಿತ್ರ ಉಗುಳೋ ಎಐ ಕಂಪನಿಗಳ ಬಗ್ಗೆ ನಾವು ಮಾಡ್ತಿರೋ ವಾದವೂ ಇದೇ ಅಲ್ವಾ?

ಗೆದ್ದ ಕುದುರೆಯ ದಣಿವನ್ನು ಬರೆದವನು

ಈ ಜಗಳದಲ್ಲಿ ನನಗೆ ಎಲ್ಲರಿಗಿಂತ ಇಷ್ಟವಾದವನು ಜಾರ್ಜ್ ಸ್ಟಬ್ಸ್. 1724ರಲ್ಲಿ ಲಿವರ್‌ಪೂಲ್‌ನಲ್ಲಿ ಹುಟ್ಟಿದ. ಅಪ್ಪ ಚರ್ಮ ಹದ ಮಾಡುವವರು. ನಮ್ಮಲ್ಲಾಗಿದ್ದರೆ ಆ ಒಂದು ವಾಕ್ಯವೇ ಒಬ್ಬನ ಇಡೀ ಬದುಕನ್ನು ತೀರ್ಮಾನ ಮಾಡಿಬಿಡುತ್ತಿತ್ತು. ಇಂಗ್ಲೆಂಡಿನಲ್ಲಿ ಜಾತಿ ಇರಲಿಲ್ಲ, ವರ್ಗ ಇತ್ತು. ಸ್ಟಬ್ಸ್ ಬಹುಪಾಲು ತಾನೇ ಕಲಿತವನು. 1750ರ ದಶಕದ ಕೊನೆಯಲ್ಲಿ ಲಿಂಕನ್‌ಶೈರ್‌ನ ಹಾರ್ಕ್‌ಸ್ಟೋ ಎಂಬ ಹಳ್ಳಿಯಲ್ಲಿ ಸುಮಾರು 18 ತಿಂಗಳು ಸತ್ತ ಕುದುರೆಗಳನ್ನು ತೂಗುಹಾಕಿ, ಪದರ ಪದರವಾಗಿ ಬಿಡಿಸಿ, ಮೂಳೆ ಸ್ನಾಯು ನರ ಎಲ್ಲವನ್ನೂ ಬರೆದ. ಆ ಚಿತ್ರಗಳ ಪುಸ್ತಕ 1766ರಲ್ಲಿ ಬಂತು.

ಆಮೇಲೆ ಕುದುರೆ ಸಾಕಿದ ಶ್ರೀಮಂತರೆಲ್ಲ ಅವನ ಹತ್ತಿರ ಬಂದರು. ತಮ್ಮ ಗೆದ್ದ ಕುದುರೆಯ ಚಿತ್ರ ಬೇಕು ಅಂತ. ಅವನು ಬರೆದುಕೊಟ್ಟ. ಆದರೆ ಅವನ ಚಿತ್ರಗಳಲ್ಲಿ ಒಂದು ಸಂಗತಿ ಮತ್ತೆ ಮತ್ತೆ ಕಾಣುತ್ತೆ. 1765ರ 'ಗಿಮ್‌ಕ್ರ್ಯಾಕ್' ಚಿತ್ರ ನೋಡಿ. ನ್ಯೂಮಾರ್ಕೆಟ್ ಮೈದಾನ. ದೂರದಲ್ಲಿ ಗಿಮ್‌ಕ್ರ್ಯಾಕ್ ರೇಸ್ ಗೆಲ್ಲುತ್ತಿದೆ, ಚಿಕ್ಕದಾಗಿ. ಮುಂದೆ, ದೊಡ್ಡದಾಗಿ ಇರೋದು ರೇಸ್ ಮುಗಿದ ಮೇಲಿನ ದೃಶ್ಯ. ಅದೇ ಕುದುರೆ, ಬೆವರು ಒರೆಸೋ ಮನೆಯ ಮುಂದೆ ನಿಂತಿದೆ. ತರಬೇತುದಾರ ಹಿಡಿದುಕೊಂಡಿದ್ದಾನೆ, ಲಾಯದ ಹುಡುಗ ಬಗ್ಗಿ ಮೈ ಒರೆಸ್ತಿದ್ದಾನೆ. ಗೆಲುವು ಹಿಂದಕ್ಕೆ, ಚಾಕರಿ ಮುಂದಕ್ಕೆ. 2011ರಲ್ಲಿ ಈ ಚಿತ್ರ ಲಂಡನ್ ಹರಾಜಿನಲ್ಲಿ 2 ಕೋಟಿ 24 ಲಕ್ಷ ಪೌಂಡ್‌ಗೆ ಹೋಯಿತು.

ಇದಕ್ಕಿಂತ ತೀಕ್ಷ್ಣವಾದದ್ದು 'ಹ್ಯಾಂಬಲ್‌ಟೋನಿಯನ್'. 1799ರ ಮಾರ್ಚ್ 25ರಂದು ನ್ಯೂಮಾರ್ಕೆಟ್‌ನಲ್ಲಿ ಎರಡು ಕುದುರೆಗಳ ನಡುವೆ ಪಂದ್ಯ. ಪಣ 3,000 ಗಿನಿ. ಹ್ಯಾಂಬಲ್‌ಟೋನಿಯನ್ ಕೂದಲೆಳೆಯಲ್ಲಿ ಗೆದ್ದಿತು. ಅದನ್ನು ಗೆಲ್ಲಿಸೋಕೆ ಚಾಟಿ ಮತ್ತು ಮುಳ್ಳಿನಿಂದ ರಕ್ತ ಬರೋ ಹಾಗೆ ಹೊಡೆದಿದ್ದರು. ಒಡೆಯ ಸರ್ ಹೆನ್ರಿ ವೇನ್-ಟೆಂಪೆಸ್ಟ್ ಗೆಲುವಿನ ಚಿತ್ರ ಬರೆದುಕೊಡೋಕೆ ಸ್ಟಬ್ಸ್‌ಗೆ ಹೇಳಿದ. ಆಗ ಸ್ಟಬ್ಸ್‌ಗೆ 75ರ ಆಸುಪಾಸು.

ಅವನು ಬರೆದದ್ದೇನು? ಮೂರೂವರೆ ಮೀಟರಿಗೂ ಅಗಲದ ಬಟ್ಟೆಯ ಮೇಲೆ ಸುಸ್ತಾಗಿ ಬಾಯಿ ತೆರೆದ ಕುದುರೆ. ಎಡಕ್ಕೆ ಲಗಾಮು ಹಿಡಿದ ತರಬೇತುದಾರ. ಇನ್ನೊಂದು ಪಕ್ಕ, ಕುದುರೆಯ ಮೈ ಮೇಲೆ ಕೈಹಾಕಿ ನಿಂತ ಲಾಯದ ಹುಡುಗ, ಕೈಯಲ್ಲಿ ಒರೆಸೋ ಬಟ್ಟೆ. ಜಾಕಿ ಇಲ್ಲ, ಒಡೆಯ ಇಲ್ಲ, ಚಪ್ಪಾಳೆ ಹೊಡೆಯೋ ಜನ ಇಲ್ಲ. ಆ ಇಬ್ಬರೂ ನೇರವಾಗಿ ನಮ್ಮನ್ನೇ ನೋಡ್ತಾರೆ. 'ನೋಡಿದಿರಾ, ಏನು ಮಾಡಿದ್ದೀರಿ?' ಅಂತ ಕೇಳೋ ಹಾಗೆ. ಇದು ನನ್ನ ಓದು, ಬೇರೆಯವರಿಗೆ ಬೇರೆ ಥರ ಕಾಣಬಹುದು.

ಒಡೆಯ ದುಡ್ಡು ಕೊಡಲಿಲ್ಲ. ಸ್ಟಬ್ಸ್ 300 ಗಿನಿಗೆ ಕೋರ್ಟಿಗೆ ಹೋದ. 1801ರಲ್ಲಿ ಗೆದ್ದ. ಆ ಚಿತ್ರ ಈಗ ಉತ್ತರ ಐರ್ಲೆಂಡಿನ ಮೌಂಟ್ ಸ್ಟುವರ್ಟ್ ಎಂಬ ಬಂಗಲೆಯಲ್ಲಿದೆ.

ಪ್ಯಾಂಟು ಹಾಕೋಕೆ ಪೊಲೀಸರ ಪರ್ಮಿಷನ್

ಚಿತ್ರದೊಳಗೆ ಯಾರು ಬರ್ತಾರೆ ಅನ್ನೋದು ಒಂದು ಪ್ರಶ್ನೆ. ಚಿತ್ರ ಬರೆಯೋಕೆ ಅಲ್ಲಿ ನಿಲ್ಲೋ ಹಕ್ಕು ಯಾರಿಗಿದೆ ಅನ್ನೋದು ಇನ್ನೊಂದು. ಚಹಾ ಸ್ಟಾಲ್ ಪಕ್ಕ ಆ ಹೆಂಗಸು ಎರಡು ದಿನ ನಿರಾಳವಾಗಿ ನಿಂತು ಬರೆದದ್ದು ನಮಗೆ ಸಹಜ ಅನ್ನಿಸುತ್ತೆ. 1850ರ ಪ್ಯಾರಿಸ್‌ನಲ್ಲಿ ಅದು ಸಹಜ ಆಗಿರಲಿಲ್ಲ.

ರೋಸಾ ಬೋನರ್ ಪ್ಯಾರಿಸ್‌ನ ಕುದುರೆ ಸಂತೆಗೆ ಒಂದೂವರೆ ವರ್ಷ, ವಾರಕ್ಕೆರಡು ಸಲ ಹೋಗಿ ಸ್ಕೆಚ್ ಮಾಡಿದರು. ಸಂತೆ ಅಂದರೆ ಗಂಡಸರ ಜಾಗ. ಬೈಗುಳ, ಸಗಣಿ, ಒದೆಯೋ ಕುದುರೆ. ಲಂಗದಲ್ಲಿ ಹೋದರೆ ಎಲ್ಲರ ಕಣ್ಣೂ ಅವರ ಮೇಲೆ. ಹಾಗಾಗಿ ಗಂಡಸರ ಬಟ್ಟೆ ತೊಟ್ಟು ಹೋದರು. ಆದರೆ ಹೆಂಗಸರು ಹಾಗೆ ಗಂಡಸರ ಬಟ್ಟೆ ತೊಡೋಕೆ ಪೊಲೀಸರ ಪರವಾನಗಿ ಬೇಕು ಅಂತ 1800ರಲ್ಲೇ ಅಲ್ಲಿ ಆದೇಶವಾಗಿತ್ತು. ಬೋನರ್ ಪರವಾನಗಿ ತಗೊಂಡರು. ಆರು ತಿಂಗಳಿಗೊಮ್ಮೆ ಅದನ್ನು ಹೊಸದು ಮಾಡಿಸಬೇಕಿತ್ತು. ಆ ಆದೇಶಕ್ಕೆ ಬೆಲೆಯಿಲ್ಲ ಅಂತ ಫ್ರಾನ್ಸ್ ಸರ್ಕಾರ ಅಧಿಕೃತವಾಗಿ ಹೇಳಿದ್ದು ಯಾವಾಗ ಗೊತ್ತಾ? 2013ರಲ್ಲಿ.

ಆ ಸ್ಕೆಚ್‌ಗಳಿಂದ ಹುಟ್ಟಿದ 'ಕುದುರೆ ಸಂತೆ' ಚಿತ್ರ ಐದು ಮೀಟರ್ ಅಗಲ. 1853ರಲ್ಲಿ ಪ್ಯಾರಿಸ್‌ನ ದೊಡ್ಡ ಕಲಾಪ್ರದರ್ಶನದಲ್ಲಿ ಇಟ್ಟರು. 1887ರಿಂದ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿದೆ. ಅದರಲ್ಲಿರೋದು ರೇಸ್ ಕುದುರೆಗಳಲ್ಲ, ಗಾಡಿ ಎಳೆಯೋ ದೈತ್ಯ ಕುದುರೆಗಳು. ಮನುಷ್ಯರು? ಕುದುರೆ ಕೊಳ್ಳೋಕೆ ಬಂದ ದೊಡ್ಡವರು ಮರಗಳ ಕೆಳಗೆ ಎಲ್ಲೋ ಹಿಂದೆ. ಮುಂದೆ ಇರೋದು ಅಂಗಿ ತೋಳು ಮಡಚಿ, ಹಗ್ಗ ಜಗ್ಗಿ, ಕುದುರೆಯ ಜೊತೆ ಹೆಣಗಾಡ್ತಿರೋ ಕೆಲಸಗಾರರು. ಅವರ ನಡುವೆ ನಮ್ಮ ಕಡೆಗೆ ನೋಡ್ತಿರೋ ಒಂದು ಮುಖ ಬೋನರ್ ಅವರದೇ ಅಂತ ಕೆಲವು ಕಲಾ ಇತಿಹಾಸಕಾರರು ಹೇಳ್ತಾರೆ.

ಅಲ್ಲಿ ಹೋಗಿ ನಿಂತವರಿಗೆ ಮಾತ್ರ ಕಾಣೋ ಚಿತ್ರ ಅದು. ಸ್ಟುಡಿಯೋದಲ್ಲಿ ಕೂತಿದ್ದರೆ ಧಣಿಯೂ ಅವನ ಕುದುರೆಯೂ ಕಾಣುತ್ತಿದ್ದವು. ಸಂತೆಯ ಸಗಣಿಯಲ್ಲಿ ನಿಂತದ್ದಕ್ಕೇ ಹಗ್ಗ ಹಿಡಿದವರು ಕಂಡರು. ಲೈವ್ ಆಗಿ ಬರೆಯೋದರ ನಿಜವಾದ ಅರ್ಥ ಇದು ಅಂತ ನನಗನ್ನಿಸುತ್ತೆ.

ಆದರೆ ಅಲ್ಲಿ ನಿಂತರೆ ಸಾಕಾ?

ಸಾಕಾಗಲ್ಲ. ಅದಕ್ಕೆ ಸಾಕ್ಷಿ ಆಲ್‌ಫ್ರೆಡ್ ಮನಿಂಗ್ಸ್. 1878ರಲ್ಲಿ, ಅಂದರೆ ಮೈಬ್ರಿಜ್ ಆ ಫೋಟೊಗಳನ್ನು ತೆಗೆದ ವರ್ಷವೇ, ಇದೇ ಸಫೊಕ್‌ನ ಹಿಟ್ಟಿನ ಗಿರಣಿಯವರ ಮನೆಯಲ್ಲಿ ಹುಟ್ಟಿದ. ಇಪ್ಪತ್ತರ ವಯಸ್ಸಿನಲ್ಲಿ ಅಪಘಾತದಿಂದ ಬಲಗಣ್ಣು ಹೋಯಿತು. ಒಂದೇ ಕಣ್ಣಿನಲ್ಲಿ ಕುದುರೆ ಬರೆದು ಬ್ರಿಟನ್ನಿನ ಅತಿ ಪ್ರಸಿದ್ಧ ಕುದುರೆ ಚಿತ್ರಕಾರ ಆದ. 1918ರಲ್ಲಿ ಫ್ರಾನ್ಸಿನ ಯುದ್ಧಭೂಮಿಗೆ ಹೋಗಿ ಕೆನಡಾದ ಅಶ್ವದಳವನ್ನು ಅಲ್ಲೇ ನಿಂತು ಬರೆದ. ಕೊನೆಗೆ ಅವನನ್ನು ಹಿಡಿದಿಟ್ಟದ್ದು ನ್ಯೂಮಾರ್ಕೆಟ್‌ನಲ್ಲಿ ರೇಸ್ ಶುರುವಾಗೋ ಮುಂಚಿನ ಆ ಕೆಲವು ನಿಮಿಷ. ಕುದುರೆಗಳು ಸುತ್ತು ಹಾಕ್ತಾ, ತಲೆ ಕೊಡವ್ತಾ, ಸಾಲಾಗಿ ನಿಲ್ಲೋಕೆ ಒಪ್ಪದೆ ಚಡಪಡಿಸೋ ಗಳಿಗೆ.

ಅಲ್ಲಿ ಅವನಿಗೆ ಸ್ಟುಡಿಯೋ ಆಗಿ ಸಿಕ್ಕಿದ್ದು ಮೈದಾನದ ಒಂದು ಹಳೇ ಬೆವರು ಒರೆಸೋ ಮನೆ. ಸ್ಟಬ್ಸ್‌ನ ಚಿತ್ರದಲ್ಲಿ ಗಿಮ್‌ಕ್ರ್ಯಾಕ್‌ನ ಹಿಂದೆ ಕಾಣುತ್ತಲ್ಲ, ಅಂಥದ್ದೇ. ಲಾಯದ ಹುಡುಗರು ತಲೆಮಾರುಗಳ ಕಾಲ ಕುದುರೆ ಮೈ ಒರೆಸುತ್ತಿದ್ದ ಜಾಗದಲ್ಲಿ ನಿಂತು ಅವನು ಬರೆದ. ಆದರೆ ಆ ಪ್ರಸಿದ್ಧ ಚಿತ್ರಗಳಲ್ಲಿ ಹೊಳೆಯೋದು ಜಾಕಿಗಳ ರೇಷ್ಮೆ ಅಂಗಿ, ಕುದುರೆಗಳ ಮೈ, ಮೇಲಿನ ಮೋಡ. ಲಾಯದ ಹುಡುಗ ಅವುಗಳ ನಡುವಿಗೆ ಬರಲಿಲ್ಲ.

ಮನಿಂಗ್ಸ್ ಕೆಟ್ಟ ಕಲಾವಿದನಲ್ಲ. ಅವನ ಕುದುರೆ ಉಸಿರಾಡುತ್ತೆ. ಆದರೆ ಅವನಿಗೆ ಇದ್ದ ವ್ಯವಸ್ಥೆ ಚೆನ್ನಾಗಿತ್ತು, ಬದಲಾಗೋದು ಬೇಡವಾಗಿತ್ತು. ರಾಯಲ್ ಅಕಾಡೆಮಿಯ ಅಧ್ಯಕ್ಷನಾಗಿ 1949ರಲ್ಲಿ ಬಿಬಿಸಿಯಲ್ಲಿ ನೇರಪ್ರಸಾರವಾದ ಔತಣಕೂಟದ ಭಾಷಣದಲ್ಲಿ ಪಿಕಾಸೊ, ಮಾಟಿಸ್, ಸೆಜಾನ್ ಎಲ್ಲರನ್ನೂ ಹಿಗ್ಗಾಮುಗ್ಗಾ ಬೈದ.

ಅವನೊಬ್ಬನ ಮಾತು ಬಿಡಿ. ಕುದುರೆ ಆಟದ ನಿಯಮಗಳೇ ಆಗ ಹೇಗಿದ್ದವು ನೋಡಿ. ಒಲಿಂಪಿಕ್ಸ್‌ನ ಡ್ರೆಸಾಜ್‌ನಲ್ಲಿ 1952ರವರೆಗೆ ಹೆಂಗಸರಿಗೆ ಜಾಗವಿರಲಿಲ್ಲ. ಸೈನ್ಯದಿಂದ ಬಂದವರಾದರೆ ಅಧಿಕಾರಿಗಳೇ ಆಗಿರಬೇಕಿತ್ತು. 1948ರಲ್ಲಿ ಸ್ವೀಡನ್ ತಂಡ ಚಿನ್ನ ಗೆದ್ದಿತು. ಆ ತಂಡದ ಗೆನಾಲ್ ಪೆರ್ಸನ್ ಸಾರ್ಜೆಂಟ್ ದರ್ಜೆಯವನು. ಒಲಿಂಪಿಕ್ಸ್‌ಗಾಗಿ ಅವನಿಗೆ ಬಡ್ತಿ ಕೊಟ್ಟು ಅಧಿಕಾರಿ ಮಾಡಿ, ಮುಗಿದ ಮೇಲೆ ಮತ್ತೆ ಕೆಳಗಿಳಿಸಿದರು. ವಿಷಯ ಹೊರಬಂದು 1949ರಲ್ಲಿ ಇಡೀ ತಂಡದ ಚಿನ್ನ ಕಿತ್ತುಕೊಂಡರು. 1952ರಲ್ಲಿ ನಿಯಮ ಬದಲಾಯಿತು, ಅದೇ ಮೂವರು ಮತ್ತೆ ಚಿನ್ನ ಗೆದ್ದರು. ಅದೇ ವರ್ಷ ಪೋಲಿಯೊದಿಂದ ಮಂಡಿಯ ಕೆಳಗೆ ಸ್ವಾಧೀನ ಇಲ್ಲದ ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಗಂಡಸರ ಜೊತೆ ಸ್ಪರ್ಧಿಸಿ ಬೆಳ್ಳಿ ಗೆದ್ದರು. ಕುದುರೆಗೆ ಮೇಲೆ ಕೂತವರ ದರ್ಜೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ನಿಯಮ ಬರೆದವರಿಗೆ.

ಇವತ್ತು ಹಗ್ಗ ಯಾರ ಕೈಯಲ್ಲಿದೆ?

ನ್ಯೂಮಾರ್ಕೆಟ್ ಕೇಂಬ್ರಿಜ್‌ನಿಂದ ದೂರವೇನಲ್ಲ. ಒಂದು ಬೆಳಗ್ಗೆ ಹೋಗಿದ್ದೆ. ಆ ಊರಲ್ಲಿ ಬೆಳಕು ಹರಿಯೋ ಹೊತ್ತಿಗೆ ಸಾಲು ಸಾಲು ಕುದುರೆಗಳು ಬೀದಿ ದಾಟಿ ಮೈದಾನಕ್ಕೆ ಹೋಗ್ತವೆ. ಅವುಗಳಿಗೆ ಬೇರೆಯೇ ದಾರಿ ಮಾಡಿಟ್ಟಿದ್ದಾರೆ, ಕಾರುಗಳು ನಿಂತು ದಾರಿ ಬಿಡ್ತವೆ. ಆ ಕುದುರೆಗಳ ಮೇಲೆ ಕೂತು ದಿನಾ ಅಭ್ಯಾಸ ಮಾಡಿಸೋರು, ಲಾಯ ಗುಡಿಸೋರು ಎಲ್ಲಿಂದ ಬಂದವರು ಗೊತ್ತಾ? ಪೂರ್ವ ಯುರೋಪಿನಿಂದ, ಬ್ರೆಜಿಲ್‌ನಿಂದ, ನಮ್ಮ ಭಾರತದಿಂದಲೂ. ಅಂಗಡಿಯೊಂದರ ಮುಂದೆ ಸಿಕ್ಕ ಒಬ್ಬರು ರಾಜಸ್ಥಾನದವರು. ಹಿಂದಿಯಲ್ಲಿ 'ಭಾಯಿ' ಅಂತ ಮಾತಾಡಿಸಿದೆ. ಬೆಳಗ್ಗೆ ಐದಕ್ಕೂ ಮೊದಲು ಕೆಲಸ ಶುರು ಅಂದರು. ಕುದುರೆಗಳ ಹೆಸರು ಹೇಳುವಾಗ ಮನೆ ಮಕ್ಕಳ ಹೆಸರು ಹೇಳಿದ ಹಾಗಿತ್ತು. ಅದರಲ್ಲಿ ಒಂದು ಗೆದ್ದಾಗ ಪೇಪರಿನಲ್ಲಿ ಫೋಟೊ ಬಂದಿತ್ತಂತೆ. ಅಂಚಿನಲ್ಲಿ ಇವರ ತೋಳು ಮಾತ್ರ ಇತ್ತಂತೆ. ನಗುತ್ತಲೇ ಹೇಳಿದರು.

ಬೆಂಗಳೂರಿನ ರೇಸ್‌ಕೋರ್ಸ್ ಕಡೆ ಈ ಕೆಲಸದವರನ್ನು ಸೈಸ್ ಅಂತಾರೆ, ಇಲ್ಲಿ ಗ್ರೂಮ್ ಅಂತಾರೆ. ಫಲಿತಾಂಶದ ಪಟ್ಟಿಯಲ್ಲಿ ಸವಾರನ ಹೆಸರಿರುತ್ತೆ, ಕುದುರೆ ಹೆಸರಿರುತ್ತೆ, ಎಷ್ಟೋ ಕಡೆ ಒಡೆಯರ ಹೆಸರೂ ಇರುತ್ತೆ. ಇವರದ್ದು ಇರಲ್ಲ. ಅಂತರರಾಷ್ಟ್ರೀಯ ಕುದುರೆ ಸವಾರಿ ಒಕ್ಕೂಟ ಈಗ ವರ್ಷಕ್ಕೊಮ್ಮೆ ಒಬ್ಬ ಅತ್ಯುತ್ತಮ ಗ್ರೂಮ್‌ಗೆ ಪ್ರಶಸ್ತಿ ಕೊಡುತ್ತೆ. ಒಳ್ಳೇದೇ. ಆದರೆ ಒಬ್ಬರಿಗೆ ಪ್ರಶಸ್ತಿ ಕೊಡೋದು ಬೇರೆ, ಎಲ್ಲರನ್ನೂ ಚಿತ್ರದೊಳಗೆ ತರೋದು ಬೇರೆ.

ಕುದುರೆಯ ನೋವಿನ ವಿಷಯದಲ್ಲೂ ಅಷ್ಟೇ. 2024ರ ಜುಲೈನಲ್ಲಿ, ಪ್ಯಾರಿಸ್ ಒಲಿಂಪಿಕ್ಸ್ ಶುರುವಾಗೋಕೆ ಕೆಲವೇ ದಿನ ಇದ್ದಾಗ, ಬ್ರಿಟನ್ನಿನ ಚಿನ್ನದ ಪದಕ ವಿಜೇತೆ ಶಾರ್ಲೆಟ್ ದುಜಾರ್ಡಿನ್ ಹಿಂದೆ ಸರಿದರು. ತರಬೇತಿಯಲ್ಲಿ ಕುದುರೆಯ ಕಾಲಿಗೆ ಚಾಟಿಯಿಂದ ಪದೇ ಪದೇ ಹೊಡೀತಿದ್ದ ಹಳೇ ವಿಡಿಯೊ ಹೊರಬಂದಿತ್ತು. ಒಂದು ವರ್ಷ ನಿಷೇಧ ಆಯಿತು. ಆ ಸತ್ಯ ಹೊರತಂದದ್ದು ಒಂದು ಕ್ಯಾಮೆರಾ, ಯಾವ ಚಿತ್ರಕಲೆಯೂ ಅಲ್ಲ. ಅದನ್ನು ಒಪ್ಪಿಕೊಳ್ಳಲೇಬೇಕು. ಲೈವ್ ಪೇಂಟಿಂಗ್ ಅನ್ನೋದು ಸುಲಭವಾಗಿ ಬಣ್ಣ ಬಳಿಯೋ ಕೆಲಸವೂ ಆಗಬಹುದು. ಬಾಯಿಗೆ ಬಿಗಿದ ಪಟ್ಟಿ, ಸವಾರನ ಕೈಯ ಚಾಟಿ, ಬಾಯಿಯ ನೊರೆ ಬಿಟ್ಟು ಬರೀ ಸೊಬಗು ಬರೆದರೆ ಆಯೋಜಕರಿಗೂ ಖುಷಿ, ಪ್ರಾಯೋಜಕರಿಗೂ ಖುಷಿ.

ಹರಾಜಿನ ಸಂಜೆ

ಮತ್ತೆ ಆ ಮೈದಾನಕ್ಕೆ ಬರೋಣ. ಎರಡನೇ ದಿನ ಸಂಜೆ ಚಿತ್ರ ಸಿದ್ಧವಾಗಿತ್ತು. ನೀರಿನಿಂದ ಮೇಲೆದ್ದು ಬರೋ ಕಂದು ಕುದುರೆ, ಮೇಲೆ ಸವಾರ, ಸುತ್ತ ಚಿಮ್ಮೋ ನೀರು. ಚೆನ್ನಾಗಿತ್ತು. ದೊಡ್ಡ ಡೇರೆಯೊಳಗೆ ಹರಾಜಾಯಿತು, ದುಡ್ಡು ಒಂದು ದತ್ತಿಗೆ ಹೋಯಿತು. ನಾನು ಹೊರಗೆ ಕಪ್ಪು ಎತ್ತಿಡ್ತಿದ್ದೆ.

ಆದರೆ ಹಿಂದಿನ ದಿನ ನಾನು ನೋಡಿದ್ದ ಒಂದು ಸ್ಕೆಚ್ ಅದರಲ್ಲಿರಲಿಲ್ಲ. ಹತ್ತೊಂಬತ್ತು ಇಪ್ಪತ್ತರ ಹುಡುಗಿ, ಮೊಣಕಾಲವರೆಗೆ ಕೆಸರು, ಓಟ ಮುಗಿಸಿ ಬಂದ ಕುದುರೆಯ ಮೇಲೆ ಬಕೆಟ್‌ಗಟ್ಟಲೆ ನೀರು ಸುರಿದು, ಮೈಯಿಂದ ನೀರು ಬಳಿದು, ಹಗ್ಗ ಹಿಡಿದು ಸುತ್ತಾಡಿಸ್ತಿದ್ದಳು. ಕುದುರೆಯ ತಲೆ ಅವಳ ಹೆಗಲ ಮೇಲೆ. ಎರಡೂ ದಿನದ ಗೆರೆಗಳಲ್ಲಿ ನನಗೆ ಹಿಡಿಸಿದ್ದು ಅದೊಂದೇ.

ಸಾಮಾನು ಕಟ್ಟುವಾಗ ಕೇಳಿದೆ, ಅದನ್ನು ಯಾಕೆ ದೊಡ್ಡ ಚಿತ್ರ ಮಾಡಲಿಲ್ಲ ಅಂತ. ಆಯೋಜಕರು ಹಾರೋ ಕುದುರೆ ಕೇಳಿದ್ದರು ಅಂದರು. ಹರಾಜಿನಲ್ಲಿ ಚಿತ್ರ ನೋಡಿದವರು ಆರ್ಡರ್ ಕೊಡ್ತಾರೆ, ಆ ಆರ್ಡರ್‌ಗಳಿಂದ ತನ್ನ ಬಾಡಿಗೆ ಹೋಗುತ್ತೆ ಅಂದರು. ಸ್ಕೆಚ್ ಪುಸ್ತಕ ಮಾತ್ರ ತನ್ನದು. ನನಗೆ ಬೈಯೋಕೆ ಬಾಯಿ ಬರಲಿಲ್ಲ. ನಾನೂ ಬಾಡಿಗೆಗೇ ಚಹಾ ಮಾರ್ತಿದ್ದೆ.

ಇಲ್ಲೇ ಇರೋದು ನಿಜವಾದ ಸಮಸ್ಯೆ. ಕಲಾವಿದರ ಕಣ್ಣಿಗೆ ಎಲ್ಲವೂ ಕಾಣುತ್ತೆ, ಆದರೆ ದುಡ್ಡು ಕೊಡೋರಿಗೆ ಬೇಕಾದದ್ದು ಮಾತ್ರ ದೊಡ್ಡ ಕ್ಯಾನ್ವಾಸಿಗೆ ಹೋಗುತ್ತೆ. ಸ್ಟಬ್ಸ್‌ಗೆ ಕೋರ್ಟಿಗೆ ಹೋಗೋ ಹೆಸರು, ಶಕ್ತಿ ಇತ್ತು. ಎಲ್ಲರಿಗೂ ಇರಲ್ಲ. ಹಾಗಾಗಿ 'ಕಲಾವಿದರು ಧೈರ್ಯ ಮಾಡಬೇಕು' ಅಂತ ಉಪದೇಶ ಮಾಡಿ ಕೈತೊಳೆದುಕೊಳ್ಳೋದು ಸುಲಭ, ಅನ್ಯಾಯವೂ ಹೌದು. ಕೇಳಬೇಕಾದವರು ನಾವು, ನೋಡೋರು. ಕುದುರೆ ಯಾವುದು, ಸವಾರ ಯಾರು ಅಂತ ಕೇಳೋ ಬಾಯಲ್ಲೇ ಹಗ್ಗ ಹಿಡಿದವರು ಯಾರು ಅಂತಲೂ ಕೇಳಿದರೆ ಆಯೋಜಕರು ಮುಂದಿನ ವರ್ಷ ಕೇಳೋ ಚಿತ್ರ ಬೇರೆಯಾಗುತ್ತೆ.

ಇದು ನಮಗೆ ಹೊಸ ಕಲ್ಪನೆಯೇನಲ್ಲ. ಹಂಪಿಗೆ ಹೋದರೆ ಹಜಾರರಾಮ ದೇವಸ್ಥಾನದ ಹೊರಗೋಡೆಯನ್ನು ನಿಧಾನವಾಗಿ ನೋಡಿ. ವಿಜಯನಗರದ ಅರಸರಿಗೆ ಕುದುರೆ ಅಂದರೆ ರಾಜ್ಯದ ಬಲ, ಕಡಲಾಚೆಯಿಂದ ದುಡ್ಡು ಸುರಿದು ತರಿಸುತ್ತಿದ್ದರು. ಆ ಗೋಡೆಯ ಮೇಲೆ ಸಾಲು ಸಾಲು ಕುದುರೆ. ಅವುಗಳನ್ನು ನಡೆಸಿಕೊಂಡು ಹೋಗೋ ಆಳುಗಳೂ ಇದ್ದಾರೆ. ಹೆಸರಿಲ್ಲ, ನಿಜ. ಆದರೆ ಕಲ್ಲು ಕಡೆದವನು ಅವರನ್ನು ಬಿಟ್ಟಿಲ್ಲ. ಬಿಟ್ಟಿದ್ದರೆ ಕುದುರೆ ತಾನಾಗಿಯೇ ನಡೆದು ಹೋಗ್ತಿತ್ತು ಅಂತ ನಾವು ನಂಬಿಬಿಡ್ತಿದ್ದೆವು.

ಅವತ್ತು ಕತ್ತಲಾಗೋ ಮುಂಚೆ ಆ ಚಿತ್ರಕಾರ್ತಿ ಕುದುರೆ ಲಾರಿಗಳು ನಿಂತಿದ್ದ ಕಡೆ ನಡೆದು ಹೋದರು. ಆ ಹುಡುಗಿ ಹುಲ್ಲಿನ ಕಟ್ಟು ಎತ್ತಿ ಹಾಕ್ತಿದ್ದಳು. ಸ್ಕೆಚ್ ಪುಸ್ತಕ ತೆರೆದು ತೋರಿಸಿದರು. ಅವಳು ಕೈ ಒರೆಸಿಕೊಂಡು, ಫೋನ್ ತೆಗೆದು, ಆ ಹಾಳೆಯ ಫೋಟೊ ತೆಗೆದುಕೊಂಡಳು. ಆಮೇಲೆ ಮತ್ತೆ ಹುಲ್ಲು ಎತ್ತೋಕೆ ಹೋದಳು, ಕುದುರೆಗೆ ಹಸಿವಾಗಿತ್ತು.